ಎರಡು ಸೂತಿನ ಪಟ್ಟಿ

ಜತ್ತದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹೊಸದಾಗಿ ಒಂದು ಬಡಿಗತನದ ಅಂಗಡಿ ಆಗಿದೆ. ಕಣ್ಣಿನ ಔಷಧ ತರಲು ಹೋಗಿದ್ದ ನಾನು ಮೊನ್ನೆ ಸೋಮವಾರ ಆ ಓಣಿ ಹಿಡಿದು ಬಂದೆ. ಅಂಗಡಿ ಕಾಣುವ ಮೊದಲೇ ವಾಸನೆ ಬಂತು. ಸಾಗವಾನಿ ಕೊಯ್ಯುವ ವಾಸನೆ ನನಗೆ ಹುಟ್ಟಿದಂದಿನಿಂದ ಗೊತ್ತು. ಇದು ಅದಲ್ಲ, ಸಾಗವಾನಿ ಸುಡುವ ವಾಸನೆ. ತಿರುಗುವ ಅಲಗನ್ನು ಕಟ್ಟಿಗೆ ಎರಡೂ ಕಡೆಯಿಂದ ಅಮುಕಿ ಹಿಡಿದಾಗ ಮಾತ್ರ ಅದು ಏಳುತ್ತದೆ. ನನ್ನ ಕಾಲು ಅಲ್ಲೇ ನಿಂತವು.

ಒಳಗೆ ಮೂವತ್ತೈದರ ಆಸುಪಾಸಿನ ಒಬ್ಬ ಬಡಿಗ ಟೇಬಲ್ ಗರಗಸದ ಮುಂದೆ ನಿಂತು ತೆಳ್ಳನೆಯ ಪಟ್ಟಿ ಕೊಯ್ಯುತ್ತಿದ್ದ. ಆಚೆ ಕಡೆ ಅವನ ಅಣ್ಣ, ಅಲಗು ದಾಟಿ ಬಂದ ಪಟ್ಟಿಯ ತುದಿ ಹಿಡಿದು ಎಳೆಯುತ್ತಿದ್ದ.

"ತಮ್ಮಾ, ಬಂದ್ ಮಾಡು. ಸಣ್ಣ ಪಟ್ಟಿ ಹಂಗ ಕೊಯ್ಯಬಾರದು. ಆ ಕಡಿ ಯಾರೂ ನಿಂದ್ರಬಾರದು" ಎಂದೆ.

"ಯಾಕ್ರಿ ಅಜ್ಜಾರ, ಮಶೀನ್ ಮಾಡಿದ ಕಂಪನಿಯವ್ರೇನು ನೀವು?" ಎಂದ ಬಡಿಗ.

ಅಣ್ಣ ನಕ್ಕ. "ಬರ್ರಿ, ಕುಂದ್ರಿ, ಚಹಾ ಕುಡೀರಿ. ಹತ್ತು ವರ್ಷ ಆತು ನಾವು ಹಿಂಗ ಕೊಯ್ಯಾಕತ್ತು. ಏನೂ ಆಗಿಲ್ಲ."

"ಆಗೂತನಕ ಏನೂ ಆಗಿರಂಗಿಲ್ಲ."

"ನಿಮಗ ಆಗೇತೇನು?"

ಹಾಗೆ ಕೇಳಿದ ಬಡಿಗ ನನ್ನ ಕೈಗಳನ್ನು ನೋಡಿದ. ಹತ್ತೂ ಬೆರಳು ನೆಟ್ಟಗಿದ್ದವು. ಚಹಾ ಕುಡಿಯದೆ ಎದ್ದು ಬಂದೆ. ನಮ್ಮೂರು ಸೋನ್ಯಾಳದ ಬಸ್ಸು ಬರುವವರೆಗೂ, ಬಸ್ಸಿನಲ್ಲಿ ಕೂತ ಮೇಲೂ, ನನಗೆ ಮೈಯೆಲ್ಲ ಸಿಟ್ಟು. ಅವರ ಮೇಲಲ್ಲ. ಉತ್ತರ ಗೊತ್ತಿದ್ದೂ ಬಾಯಿ ಬಿಡದ ನನ್ನ ಮೇಲೆ. ಆ ಉತ್ತರ ನಾಲ್ಕು ವರ್ಷದ ಹಿಂದಿನ ಶ್ರಾವಣದಲ್ಲಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಬಡಿಗೇರರು. ಹತ್ತನೆಯ ಇಯತ್ತೆ ಪಾಸಾದ ವರ್ಷವೇ ನನ್ನ ಅಪ್ಪ ಕೈಗೆ ಕಟ್ಟಿಗೆ ಕೆತ್ತುವ ಬಾಚಿ ಕೊಟ್ಟ. ಅಪ್ಪನ ಕಾಲದಲ್ಲಿ ಕೊಯ್ಯುವುದೆಲ್ಲ ಕೈಗರಗಸದಲ್ಲಿ. ಕೂರಿಗೆ, ನೊಗ, ಬಾಗಿಲ ಚೌಕಟ್ಟು, ಎಲ್ಲ. ಅರವತ್ತು ದಾಟಿದ ಮೇಲೆ ನನ್ನ ರಟ್ಟೆ ಸೋತಿತು. ಸಾಂಗಲಿಯಲ್ಲಿ ಒಬ್ಬ ಮರಾಠಿ ಮುದುಕ ಅಂಗಡಿ ಮುಚ್ಚುತ್ತಾನೆಂದು ತಿಳಿದು, ಅವನ ಹಳೆಯ ಟೇಬಲ್ ಗರಗಸವನ್ನು ತಂದೆ. ಕಬ್ಬಿಣದ ಮೇಜು, ನಡುವೆ ಸೀಳಿನಿಂದ ಮೇಲೆದ್ದ ದುಂಡನೆಯ ಅಲಗು, ಕಟ್ಟಿಗೆ ನೆಟ್ಟಗೆ ಸಾಗಲೆಂದು ಅಲಗಿನ ಬಲಕ್ಕೆ ಬಿಗಿಯುವ ಉದ್ದನೆಯ ಗೈಡ್. ಅಲಗಿನ ಹಿಂದೆ ಅಲಗಿನಷ್ಟೇ ತೆಳ್ಳಗಿನ ಒಂದು ಉಕ್ಕಿನ ತಗಡು ನಿಂತಿತ್ತು. ಕೊಯ್ದ ಸೀಳು ಮತ್ತೆ ಕೂಡಿಕೊಂಡು ಅಲಗನ್ನು ಅಮುಕದಂತೆ ತಡೆಯುವುದು ಅದರ ಕೆಲಸ. ಮೇಲೊಂದು ಮುಚ್ಚಳವೂ ಇತ್ತು.

ಮುದುಕ ಹೇಳಿಕೊಡದೆ ಮಶೀನು ಬಿಡಲಿಲ್ಲ. ಬೆಳಗಿನಿಂದ ಊಟದ ಹೊತ್ತಿನ ತನಕ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡ. ದೊಡ್ಡ ಹಲಗೆ ಯಾರು ಬೇಕಾದರೂ ಕೊಯ್ಯುತ್ತಾರೆ, ಕೈ ತಿನ್ನುವುದು ಸಣ್ಣ ಪಟ್ಟಿ, ಎಂದ. ತೆಳು ಪಟ್ಟಿ ಗೈಡಿಗೂ ಅಲಗಿಗೂ ನಡುವೆ ಬರುವಂತೆ ಎಂದೂ ಕೊಯ್ಯಬೇಡ. ಹಲಗೆಯ ಅಗಲ ಭಾಗ ಗೈಡಿನ ಕಡೆ ಇರಲಿ, ಪಟ್ಟಿ ಎಡಕ್ಕೆ, ತೆರೆದ ಕಡೆಗೆ ಕಳಚಿ ಬೀಳಲಿ. ಎಲ್ಲ ಪಟ್ಟಿ ಒಂದೇ ದಪ್ಪ ಬರಲು ಎಡಕ್ಕೆ, ಅಲಗಿಗಿಂತ ಈಚೆಗೆ, ಒಂದು ತುಂಡು ಬಿಗಿದುಕೋ. ಪ್ರತಿ ಸಲ ಹಲಗೆಯ ಅಂಚನ್ನು ಅದಕ್ಕೆ ತಾಗಿಸು, ಗೈಡನ್ನು ಹಲಗೆಗೆ ತಂದು ಬಿಗಿ, ಆಮೇಲೆ ಕೊಯ್ಯಿ. ಕೈಯಿಂದ ತಳ್ಳಬೇಡ, ಇದರಿಂದ ತಳ್ಳು ಎಂದು ಕಾಲಲ್ಲಿ ಮೆಟ್ಟುವ ಜೋಡಿನ ಆಕಾರದ ಒಂದು ಕಟ್ಟಿಗೆ ಕೊಟ್ಟ. ಹಲಗೆಯನ್ನು ಮೇಲಿನಿಂದ ಒತ್ತಲು ಅದಕ್ಕೆ ಉದ್ದನೆಯ ಅಂಗಾಲಿತ್ತು, ಹಿಂದಿನಿಂದ ನೂಕಲು ಹಿಮ್ಮಡಿಯಿತ್ತು.

"ಆಣಿ ಮಾಗೇ ಕೋಣೀ ನಕೋ" ಎಂದ ಕೊನೆಗೆ. ಹಿಂದೆ ಯಾರೂ ಬೇಡ. ಅದನ್ನು ಮೂರು ಸಲ ಅಂದ.

ನನಗೆ ಬೇಸರ ಬಂದಿತ್ತು. ನಾಲ್ಕು ತಲೆಮಾರಿನಿಂದ ಕಟ್ಟಿಗೆ ಕೊಯ್ದವನಿಗೆ ಇವನ್ಯಾರು ಹೇಳಲು? ಹೂಂ, ಹೂಂ ಅನ್ನುತ್ತ ನಿಂತಿದ್ದೆ. ಊರಿಗೆ ತಂದು ಇಳಿಸಿದ ಮೂರನೆಯ ದಿನಕ್ಕೆ ಮುಚ್ಚಳ ಬಿಚ್ಚಿದೆ, ಗುರುತು ಕಾಣುವುದಿಲ್ಲವೆಂದು. ವಾರಕ್ಕೆ ಹಿಂದಿನ ತಗಡೂ ಹೋಯಿತು. ಆ ಜೋಡಿನಂಥ ಕಟ್ಟಿಗೆಯಿಂದ ಅಂಟು ಕಲಸುತ್ತಿದ್ದೆ.

ನನ್ನ ಹೆಂಡತಿ ಕಸ್ತೂರಿ ಅದನ್ನು ನೋಡಿ ಒಮ್ಮೆ ಕೇಳಿದಳು, "ಅಂಟಿನ್ಯಾಗ ಅದ್ದೂ ಕಟಗಿ ಅಲ್ಲಲ್ರಿ ಅದು?"

"ನಿನ್ನ ಸೂಜಿ ನೀ ನೋಡ್ಕೋ, ನನ್ನ ಗರಗಸ ನಾ ನೋಡ್ಕೋತೀನಿ" ಎಂದೆ.

ಸೂಜಿಯ ಮಾತು ಸುಮ್ಮನೆ ಬಂದದ್ದಲ್ಲ. ಕಸ್ತೂರಿಯ ಕೌದಿ ಅಂದರೆ ಬಾಲಗಾಂವದ ತನಕ ಹೆಸರು. ಹಳೆಯ ಸೀರೆ, ಧೋತರದ ತುಂಡುಗಳನ್ನು ಒಂದರ ಮೇಲೊಂದು ಹಾಸಿ ಅವಳು ಹಾಕುವ ಹೊಲಿಗೆ ಸಜ್ಜೆಯ ಕಾಳು ಸಾಲಾಗಿ ಇಟ್ಟಂತೆ. ಬಾಣಂತಿಯರಿರುವ ಮನೆಯವರು ಮೊದಲೇ ಬಂದು ಬಟ್ಟೆ ಕೊಟ್ಟು ಹೋಗುತ್ತಿದ್ದರು.

ಆ ವರ್ಷದ ಶ್ರಾವಣ ಹುಸಿ ಶ್ರಾವಣ. ಮೋಡ ದಿನಾ ಬರುತ್ತಿದ್ದವು, ನಮ್ಮ ತಲೆಯ ಮೇಲಿಂದ ವಿಜಾಪುರದ ಕಡೆ ನಡೆದುಬಿಡುತ್ತಿದ್ದವು. ಗಾಳಿ ಮಾತ್ರ ಬಿಡುವಿಲ್ಲದೆ ಬೀಸಿ ಕಣ್ಣಿಗೆ ಹೊಟ್ಟು ತುಂಬುತ್ತಿತ್ತು. ಸನಮಡಿಯಲ್ಲಿ ಒಬ್ಬರು ಹೊಸ ಮನೆ ಕಟ್ಟಿಸಿ, ಶ್ರಾವಣದ ಕಡೆಯ ಸೋಮವಾರ ವಾಸ್ತುಶಾಂತಿ ಇಟ್ಟುಕೊಂಡಿದ್ದರು. ಹದಿನಾಲ್ಕು ಕಿಟಕಿ. ಪ್ರತಿ ಗಾಜಿನ ಸುತ್ತ ಹೊಡೆಯಲು ಎರಡು ಸೂತಿನ, ಅಂದರೆ ಕಾಲು ಇಂಚಿನ, ಸಾಗವಾನಿ ಪಟ್ಟಿ ಬೇಕು. ಕೆಲಸ ನನಗೆ ಬಂದಿತ್ತು.

ನನ್ನ ಶೆಡ್ಡು ಇರುವುದು ಹೊಲದಲ್ಲಿ, ಬಾವಿಯ ಪಕ್ಕ. ಮಶೀನಿಗೆ ಮೂರು ಫೇಜಿನ ಕರೆಂಟು ಬೇಕು. ಅದನ್ನು ಬಾವಿಯ ಮೋಟರಿನ ಪೆಟ್ಟಿಗೆಯಿಂದ ಎಳೆದುಕೊಂಡಿದ್ದೆ. ಹಾಗೆ ಎಳೆಯಬಾರದು, ಎಲ್ಲರೂ ಎಳೆಯುತ್ತಾರೆ. ಆ ಕರೆಂಟು ಪಾಳಿಯ ಮೇಲೆ ಬರುತ್ತದೆ. ಆ ವಾರ ನಮಗೆ ಹಗಲು ಪಾಳಿ, ಮಧ್ಯಾಹ್ನ ನಾಲ್ಕಕ್ಕೆ ಹೋಗುತ್ತಿತ್ತು. ಮುಂದಿನ ವಾರ ರಾತ್ರಿ ಪಾಳಿ. ಶನಿವಾರ ನಾಲ್ಕರೊಳಗೆ ಪಟ್ಟಿ ಮುಗಿಯದಿದ್ದರೆ ಸೋಮವಾರ ಗಾಜು ಕೂರುವುದಿಲ್ಲ.

ಪ್ರತಿ ಪಟ್ಟಿಗೂ ಗೈಡ್ ಸಡಿಲಿಸಿ, ಸರಿಸಿ, ಬಿಗಿಯುವುದು ನನಗೆ ಆಗದ ಮಾತಾಯಿತು. ಗೈಡನ್ನು ಅಲಗಿನಿಂದ ಎರಡು ಸೂತಿಗೆ ತಂದು ಒಮ್ಮೆಲೇ ಬಿಗಿದೆ. ಪಟ್ಟಿ ಎಲ್ಲಿ ಬರಬಾರದೋ ಅಲ್ಲೇ ಬರುವಂತೆ ಮಾಡಿಕೊಂಡೆ. ಅಷ್ಟು ಸಣ್ಣ ಸಂದಿಯಲ್ಲಿ ನನ್ನ ಕೈ ಹೋಗುವುದಿಲ್ಲ, ಅದಕ್ಕೆ ಆಚೆ ಕಡೆಯಿಂದ ಎಳೆಯಲು ಕಸ್ತೂರಿಯನ್ನು ಕರೆದೆ. ನಮ್ಮಲ್ಲಿ ಹೀಗೇ. ಮುಂದೆ ಗಂಡ ನೂಕುತ್ತಾನೆ, ಹಿಂದೆ ಹೆಂಡತಿ ಇಲ್ಲವೆ ತಮ್ಮ ಎಳೆಯುತ್ತಾನೆ. ಕೈಗರಗಸದ ಕಾಲದಲ್ಲಿ ಎರಡು ಕಡೆ ಇಬ್ಬರು ನಿಂತು ಎಳೆಯುತ್ತಿದ್ದರಲ್ಲ, ಆ ರೂಢಿ ಮಶೀನಿಗೂ ಹತ್ತಿಕೊಂಡು ಬಂದಿದೆ. ಕೈಗರಗಸ ಎಳೆದಷ್ಟೇ ಬರುತ್ತದೆ. ಮಶೀನಿನ ಅಲಗು ತನ್ನ ಕಡೆ ಎಳೆದುಕೊಳ್ಳುತ್ತದೆ. ಈ ಒಂದು ಫರಕು ನನ್ನಂಥ ಹಳೆಯ ಬಡಿಗನಿಗೆ ತಿಳಿಯಬೇಕಿತ್ತು.

ಶನಿವಾರ ಮೂರೂವರೆ. ಇನ್ನೂ ಇಪ್ಪತ್ತು ಪಟ್ಟಿ ಉಳಿದಿದ್ದವು.

"ಸುಟ್ಟ ವಾಸನಿ ಬರಾಕತ್ತೇತಿ. ಜರಾ ನಿಂದರ್ಸ್ರಿ" ಎಂದಳು ಆಚೆಯಿಂದ.

"ಕರೆಂಟ್ ನಿನ್ನ ತವರುಮನಿಯವ್ರು ಕೊಡ್ತಾರೇನು? ಎಳಿ ಲಗೂನ!"

ಎಳೆದಳು. ಪಟ್ಟಿ ಅಲಗಿಗೂ ಗೈಡಿಗೂ ನಡುವೆ ಬಾಗಿ ಕಚ್ಚಿಕೊಂಡಿತು. ಮರುಕ್ಷಣ ಅಲಗು ಅದನ್ನು ನನ್ನ ಕಡೆಗೆ ಒಗೆಯಿತು. ಬಾಣದಂತೆ ನನ್ನ ಪಕ್ಕೆಯನ್ನು ಸವರಿಕೊಂಡು ಹೋಗಿ ಬೆನ್ನ ಹಿಂದಿದ್ದ ಶೆಡ್ಡಿನ ಗೋಡೆಗೆ ಬಡಿಯಿತು. ಪಟ್ಟಿಯ ಆ ತುದಿ ಕಸ್ತೂರಿಯ ಕೈಯಲ್ಲಿತ್ತು. ಪಟ್ಟಿ ಬಂದಾಗ ಅವಳ ಕೈಯೂ ಬಂತು.

ಅವಳು ಕೂಗಲಿಲ್ಲ. "ಅಯ್ಯ, ಬಂದ್ ಮಾಡ್ರಿ" ಎಂದಳಷ್ಟೇ, ಒಲೆಯ ಮೇಲಿನ ಹಾಲು ಉಕ್ಕಿದಾಗ ಹೇಳುವಂತೆ. ಬಲಗೈಯ ತೋರುಬೆರಳು, ನಡುಬೆರಳು ಎರಡೂ ನಡುಗೆಣ್ಣಿನ ತನಕ ಹೋಗಿದ್ದವು. ಸೂಜಿ ಹಿಡಿಯುವ ಬೆರಳು, ಸೂಜಿ ನೂಕುವ ಬೆರಳು.

ನನ್ನ ಧೋತರ ಹರಿದು ಕೈ ಸುತ್ತಿ ರಸ್ತೆಗೆ ಓಡಿ ಬಂದೆವು. ಹಾಲಿನ ಗಾಡಿಯೊಂದು ಸಿಕ್ಕಿತು. ಚಾಲಕ ಕೇಳಿದ, "ಏನಾತ್ರೀ ಬಡಿಗ್ಯಾರ?"

"ಕಡಬಿ ಕತ್ತರಿಸೂ ಮಶೀನಿಗಿ ಕೈ ಕೊಟ್ಟಾಳ" ಎಂದೆ.

ಯೋಚಿಸಿ ಹೇಳಿದ ಮಾತಲ್ಲ ಅದು, ತಾನಾಗಿ ಬಂತು. ಅದರ ಹಿಂದೆ ಇದ್ದದ್ದೆಲ್ಲ ಈಗ ಕಾಣುತ್ತದೆ. ಬಡಿಗೇರನ ಮಶೀನಿನಲ್ಲಿ ಬಡಿಗೇರನ ಹೆಂಡತಿಯ ಬೆರಳು ಹೋಯಿತೆಂದರೆ ನಾಳೆ ನನಗೆ ಯಾರು ಕೆಲಸ ಕೊಡುತ್ತಾರೆ? ಮೋಟರಿನ ಪೆಟ್ಟಿಗೆಯಿಂದ ಎಳೆದ ವೈರು ಯಾರಾದರೂ ನೋಡಿದರೆ? ಮೇವು ಕತ್ತರಿಸುವ ಮಶೀನಿಗೆ ಹೆಂಗಸರ ಕೈ ಹೋಗುವುದು ನಮ್ಮ ಕಡೆ ಕೇಳದ ಮಾತಲ್ಲ, ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ.

ಆದರೆ ಚಾಲಕ ಕೇಳಿದ. "ಯಾರ ಮಶೀನು?"

ನಮ್ಮ ಮನೆಯಲ್ಲಿ ಅಂಥ ಮಶೀನು ಇರಲಿಲ್ಲ. ಪಕ್ಕದ ಹೊಲದ ಬೀರಪ್ಪನ ಮನೆಯಲ್ಲಿತ್ತು. ಕುರಿ ಕಾಯುವ ಮನೆತನ, ಹಗಲೆಲ್ಲ ಗಂಡ ಹೆಂಡತಿ ಇಬ್ಬರೂ ಕುರಿಯ ಹಿಂದೆ. ನಮ್ಮ ಎಮ್ಮೆಯ ಮೇವನ್ನು ಕಸ್ತೂರಿ ಅಲ್ಲೇ ಹೋಗಿ ಕತ್ತರಿಸಿಕೊಂಡು ಬರುತ್ತಿದ್ದಳು.

"ಬೀರಪ್ಪಂದು" ಎಂದೆ.

ಕಸ್ತೂರಿ ನನ್ನ ಕಡೆ ನೋಡಿದಳು. ದವಾಖಾನೆಯಲ್ಲಿ ಡಾಕ್ಟರರು ಕೇಳಿದಾಗಲೂ ನಾನೇ ಹೇಳಿದೆ. "ಹೌದೇನವ್ವಾ?" ಎಂದು ಅವರು ಅವಳನ್ನು ಕೇಳಿದರು. ಅವಳು "ಅವರು ಹೇಳಿದಂಗ್ರಿ" ಎಂದಳು. ಅಷ್ಟು ನೋವಿನಲ್ಲೂ ಅವಳು ಸುಳ್ಳಾಡಲಿಲ್ಲ, ನನ್ನ ಸುಳ್ಳನ್ನು ಒಡೆಯಲೂ ಇಲ್ಲ.

ಮರುದಿನ ಬೀರಪ್ಪ ದವಾಖಾನೆಗೆ ಬಂದ. ತಲೆಯ ರುಮಾಲು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ.

"ಅಣ್ಣಾರ, ನನ್ನ ಮಶೀನಿನ ಮ್ಯಾಲ ರಕ್ತದ ಕಲೀನೂ ಕಾಣಲಿಲ್ಲಲ್ರಿ" ಎಂದ. ಅನುಮಾನದಿಂದಲ್ಲ, ಕಂಗೆಟ್ಟು.

"ನಾ ತೊಳದು ಬಂದೆ" ಎಂದೆ.

ಒಂದು ಸುಳ್ಳಿಗೆ ಇನ್ನೊಂದು ಆಸರೆ. ಬಾಗಿದ ಕಂಬಕ್ಕೆ ಕೋಲು ಕೊಟ್ಟಂತೆ. ಬೀರಪ್ಪ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ.

ಸನಮಡಿಯ ಕಿಟಕಿಗಳಿಗೆ ಆ ಸೋಮವಾರ ಗಾಜು ಕೂರಲಿಲ್ಲ. ಅವರು ಗೋಣಿತಟ್ಟು ಕಟ್ಟಿ ವಾಸ್ತುಶಾಂತಿ ಮಾಡಿಕೊಂಡರು. "ಅದಕ್ಯಾಕ ಚಿಂತಿ ಮಾಡ್ತೀರಿ, ಮೊದಲ ವೈನಿ ಕೈ ನೋಡ್ಕೋರಿ" ಎಂದು ಕಳಿಸಿದರು. ಯಾವ ಪಟ್ಟಿಗಾಗಿ ಅಷ್ಟು ಅವಸರ ಮಾಡಿದೆನೋ ಅದು ಯಾರಿಗೂ ಅಷ್ಟು ಅವಸರದ್ದಾಗಿರಲಿಲ್ಲ. ಇದನ್ನು ನೆನೆದಾಗೆಲ್ಲ ನನಗೆ ಹಣೆ ಚಚ್ಚಿಕೊಳ್ಳುವಂತಾಗುತ್ತದೆ.

ಕಸ್ತೂರಿ ಮನೆಗೆ ಬಂದ ಮರುದಿನ ಬೆಳಿಗ್ಗೆ ಬಾಗಿಲ ಮುಂದೆ ಒಂದು ಹೊರೆ ಮೇವು ಇತ್ತು. ಸಣ್ಣಗೆ ಕೊಚ್ಚಿದ್ದು. ಬೀರಪ್ಪ ಇಟ್ಟು ಹೋಗಿದ್ದ. ಅದರ ಮರುದಿನವೂ, ಅದರ ಮರುದಿನವೂ. ತನ್ನ ಮಶೀನಿಗೆ ತಾಡಪತ್ರಿ ಸುತ್ತಿ ಹಗ್ಗ ಬಿಗಿದಿದ್ದ. ತನ್ನ ದನಕ್ಕೂ ನಮ್ಮ ಎಮ್ಮೆಗೂ ಬೆಳಗಿನ ಜಾವ ಎದ್ದು ಕುಡುಗೋಲಿನಿಂದ ಕೊಚ್ಚುತ್ತಿದ್ದ. ನಾನು ಒಂದು ದಿನ, "ಬ್ಯಾಡೋ ಬೀರಪ್ಪಾ, ಯಾಕ ಇಷ್ಟು ತ್ರಾಸ ತಗೋತಿ?" ಎಂದೆ.

"ತ್ರಾಸ ಯಾರಿಗಿ ಆಗೇತಿ ಅಣ್ಣಾರ? ಆ ಮಶೀನಿಗಿ ಕೈ ಹೋಗದಂಗ ಜಾಳಿಗಿ ಹಚ್ಚಸ್ಬೇಕಂತ ನನ್ನ ಹೇಂತಿ ಎರಡ ವರ್ಷದಿಂದ ಹೇಳ್ತಿದ್ದಳು. ನಾ ಹಚ್ಚಸ್ಲಿಲ್ಲ. ತಪ್ಪು ನಂದ" ಎಂದ.

ನನ್ನ ತಪ್ಪನ್ನು ಅವನು ಅಷ್ಟು ನೆಟ್ಟಗೆ ಹೇಳಿಬಿಟ್ಟ, ಮುಚ್ಚಳ ಬಿಚ್ಚಿದ ಮಶೀನಿನ ಒಡೆಯನೇ ತಾನೆಂಬಂತೆ. ಆಗ ಹೇಳಬಹುದಿತ್ತು. "ಆತು ಬಿಡು" ಎಂದುಬಿಟ್ಟೆ. ಅಂದರೆ ಅವನು ಮಾಡದ ತಪ್ಪಿಗೆ ನಾನೇ ಕ್ಷಮೆ ಕೊಟ್ಟ ಹಾಗಾಯಿತು.

ಊರಿನವರು ಬಂದು ಕಸ್ತೂರಿಗೇ ಬುದ್ಧಿ ಹೇಳಿ ಹೋಗುತ್ತಿದ್ದರು. "ಲಕ್ಷ್ಯ ಎಲ್ಲಿತ್ತವ್ವಾ?" "ಮಶೀನಿನ ಮುಂದ ಮಾತಾಡ್ಕೋತ ನಿಂತ್ರ ಹಿಂಗ ಆಗೂದು." ಅವಳು ಎಲ್ಲದಕ್ಕೂ ತಲೆಯಾಡಿಸುತ್ತಿದ್ದಳು. ಅವರು ಹೋದ ಮೇಲೆ ಎಡಗೈಯಲ್ಲಿ ಸೂಜಿ ಹಿಡಿದು, ಅರ್ಧಕ್ಕೆ ನಿಂತ ಕೌದಿಯನ್ನು ತೊಡೆಯ ಮೇಲೆ ಹಾಸಿಕೊಂಡು ಕೂರುತ್ತಿದ್ದಳು. ಹೊಲಿಗೆ ಸೊಟ್ಟ ಹೋಗುತ್ತಿತ್ತು. ಬಿಚ್ಚುತ್ತಿದ್ದಳು, ಮತ್ತೆ ಹಾಕುತ್ತಿದ್ದಳು. ಆ ದಾರ ಬಿಚ್ಚುವ ಚರ್ ಎಂಬ ಸಪ್ಪಳ ಕೇಳಿ ನಾನು ಹೊಲಕ್ಕೆ ಎದ್ದು ಹೋಗುತ್ತಿದ್ದೆ.

ಒಂದು ದಿನ ಅವಳೇ ಮಾತು ತೆಗೆದಳು. "ನನ್ನ ಬೆರಳು ಹೋದ್ವು, ಹೋಗ್ಲಿ. ನಾ ಏನೂ ಅನ್ನಂಗಿಲ್ಲ. ಆದ್ರ ಆ ಹೊರಿ ದಿನಾ ಬಾಗಲಕ ಬರ್ತೈತಲ್ಲ, ಅದನ್ನ ಎಮ್ಮಿ ಹೆಂಗ ತಿಂತೈತೋ ನಾ ಕಾಣೆ. ನನಗಂತೂ ನೋಡಾಕ ಆಗವಲ್ದು."

"ಹೇಳ್ತೀನಿ. ತಡಿ, ಒಂದ ಚಲೋ ದಿನಾ ನೋಡಿ ಹೇಳ್ತೀನಿ."

"ಸುಳ್ಳಾಡಾಕ ನೀವು ಚಲೋ ದಿನಾ ನೋಡಿದ್ರೇನು?"

ಆದರೂ ಹೇಳಲಿಲ್ಲ. ಗಣಪತಿ ಹೋಯಿತು, ಪಿತೃಪಕ್ಷ ಹೋಯಿತು. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದು ಎದ್ದೆ, ಹೊರೆ ಎತ್ತಿ ಗೋದಲಿಗೆ ಹಾಕಿದೆ, ಸಂಜೆಗೆ ನನ್ನನ್ನೇ ಬೈದುಕೊಂಡು ಮಲಗಿದೆ. ಖಂಡೇಪೂಜೆಯ ದಿನ ಶೆಡ್ಡಿನ ಹತಾರುಗಳನ್ನೆಲ್ಲ ತೊಳೆದು ಇಟ್ಟೆ. ಬಾಚಿ, ಉಳಿ, ಕೀಸುಳಿಗಳಿಗೆ ಕಸ್ತೂರಿ ಎಡಗೈಯಿಂದ ಕುಂಕುಮ ಹಚ್ಚಿದಳು. ಟೇಬಲ್ ಗರಗಸದ ಹತ್ತಿರ ಬಂದು ಬಟ್ಟಲನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದಳು.

ಮರುದಿನ ದಸರೆ. ನಮ್ಮ ಕಡೆ ಅವತ್ತು ಬನ್ನಿಯ ಎಲೆ ಕೊಟ್ಟು "ಬಂಗಾರ ತಗೊಂಡು ಬಂಗಾರದಂಗ ಇರೂಣು" ಅನ್ನುತ್ತಾರೆ. ಸಣ್ಣವರು ದೊಡ್ಡವರ ಕಾಲು ಮುಟ್ಟುತ್ತಾರೆ, ವರ್ಷದ ಮುನಿಸು ಬಿಡುತ್ತಾರೆ. ಮೂರು ಗಂಟೆಗೆ ಬೀರಪ್ಪ ಹೊಸ ರುಮಾಲು ಸುತ್ತಿಕೊಂಡು ಬಂದ. ನನಗೆ ಬನ್ನಿ ಕೊಟ್ಟ. ಆಮೇಲೆ ಕಸ್ತೂರಿಯ ಮುಂದೆ ಹೋಗಿ, ಕಾಲಿಗೆ ಹಣೆ ಹಚ್ಚಿ, ಏಳಲೇ ಇಲ್ಲ.

"ವೈನಿ, ಇವತ್ತರ ಮನಸಿನಿಂದ ಕ್ಷಮಾ ಮಾಡ್ರಿ. ಇಲ್ಲಾಂದ್ರ ಆ ಮಶೀನ್ ಗುಜರಿಗಿ ಹಾಕಿಬಿಡ್ತೀನಿ" ಎಂದು ಬನ್ನಿಯ ಎಲೆಯನ್ನು ಮೇಲೆ ಹಿಡಿದ.

ಕಸ್ತೂರಿ ಕೈ ಚಾಚಿದವಳು ಹಿಂದಕ್ಕೆ ತೆಗೆದುಕೊಂಡಳು.

"ಏಳ್ರಿ ಬೀರಪ್ಪ. ಈ ಬನ್ನಿ ನಾ ತಗೊಳ್ಳಂಗಿಲ್ಲ. ಇವರು ನಿಮಗೇನೋ ಹೇಳೂದೈತಿ."

ಇಷ್ಟು ಹೇಳಿ ಒಳಗೆ ಹೋದಳು. ಅಂಗಳದಲ್ಲಿ ನಾವಿಬ್ಬರೇ. ಬೀರಪ್ಪನ ಹಣೆಗೆ ಅಂಗಳದ ಮಣ್ಣು ಮೆತ್ತಿತ್ತು. ಅದನ್ನು ನೋಡುತ್ತ ಹೇಳಿದೆ. ಹಾಲಿನ ಗಾಡಿ, ತೊಳೆದೆನೆಂದ ಮಾತು, ಎಲ್ಲ. ನಡುನಡುವೆ "ಅವಸರಿತ್ತು", "ಕರೆಂಟ್ ಹೊಂಟಿತ್ತು" ಎಂದು ನೆಪ ತುರುಕುತ್ತಿದ್ದೆ. ನಾನು ಹೇಳಿ ಮುಗಿದ ಮೇಲೆ ಕೇಳಿದ, "ಹಂಗಾದ್ರ ಅದನ್ನ ಹೆಂಗ ಕೊಯ್ಯಬೇಕಾಗಿತ್ತು? ತೋರಸ್ರಿ."

ಶೆಡ್ಡಿಗೆ ಹೋದೆವು. ಅಲಗಿನ ಮೇಲಿನ ಕುಂಕುಮ ಒರೆಸಿದೆ. ಮೊಳೆಯ ಡಬ್ಬಿಯ ತಳದಲ್ಲಿ ಬಿದ್ದಿದ್ದ ಹಿಂದಿನ ತಗಡನ್ನು ಹುಡುಕಿ ಕೂರಿಸಿದೆ, ಮುಚ್ಚಳ ಹಾಕಿದೆ. ಎಡಕ್ಕೆ ತುಂಡು ಬಿಗಿದೆ, ಹಲಗೆ ತಾಗಿಸಿದೆ, ಗೈಡ್ ತಂದು ಬಿಗಿದೆ. ಅಂಟು ಒಣಗಿ ಹೆಪ್ಪುಗಟ್ಟಿದ್ದ ಆ ಜೋಡಿನಂಥ ಕಟ್ಟಿಗೆಯಿಂದ ಹಲಗೆಯನ್ನು ನೂಕಿದೆ, ಅಲಗಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಂತು. ಎರಡು ಸೂತಿನ ಪಟ್ಟಿ ಸುಮ್ಮನೆ ಎಡಕ್ಕೆ ಕಳಚಿ ಮಲಗಿತು. ಸುಟ್ಟ ವಾಸನೆಯಿಲ್ಲ, ನಡುಕವಿಲ್ಲ. ಮೋಟರು ಬಂದ್ ಮಾಡಿ, ಅಲಗು ಪೂರ್ತಿ ನಿಂತ ಮೇಲೆ ಪಟ್ಟಿ ಎತ್ತಿ ಅವನ ಕೈಗೆ ಕೊಟ್ಟೆ.

ಬೀರಪ್ಪ ಅದನ್ನು ಬೆರಳಿನಿಂದ ಸವರಿದ.

"ಇಷ್ಟ?" ಎಂದ.

"ಇಷ್ಟ" ಎಂದೆ.

ಪಟ್ಟಿಯನ್ನು ಮಶೀನಿನ ಮೇಲಿಟ್ಟ. ಬನ್ನಿಯ ಎಲೆ ಇನ್ನೂ ಅವನ ಮುಷ್ಟಿಯಲ್ಲೇ ಇತ್ತು. ಹೊಲದ ಬದು ಹಿಡಿದು ನಡೆದುಹೋದ, ತಿರುಗಿ ನೋಡಲಿಲ್ಲ. ಬೈದಿದ್ದರೆ, ಹೊಡೆದಿದ್ದರೆ ನನಗೆ ಹಗುರವಾಗುತ್ತಿತ್ತು. ಆ ಹಗುರವನ್ನು ಅವನು ಕೊಡಲಿಲ್ಲ.

ಮರುದಿನ ಬಾಗಿಲಲ್ಲಿ ಹೊರೆ ಇರಲಿಲ್ಲ. ಬೆಳಗಿನ ಹೊತ್ತು ಪಕ್ಕದ ಹೊಲದಿಂದ ಖಟಖಟ ಸಪ್ಪಳ ಬಂತು. ಒಂದೂವರೆ ತಿಂಗಳಿಂದ ಕೇಳದಿದ್ದ ಸಪ್ಪಳ. ಕಸ್ತೂರಿ ಕೌದಿ ಬದಿಗಿಟ್ಟು, ತಲೆಯೆತ್ತಿ, ಅದು ನಿಲ್ಲುವ ತನಕ ಕೇಳಿದಳು. ಆಮೇಲೆ ಕುಡುಗೋಲು ತಂದು ನನ್ನ ಮುಂದೆ ಇಟ್ಟಳು. ಅಂದಿನಿಂದ ಎಮ್ಮೆಯ ಮೇವು ನಾನೇ ಕೊಚ್ಚುತ್ತೇನೆ. ಬೀರಪ್ಪ ಎದುರಿಗೆ ಸಿಕ್ಕರೆ "ಹೂಂ" ಅನ್ನುತ್ತಾನೆ. ಅಣ್ಣಾರ ಅನ್ನುವುದಿಲ್ಲ. ಕಸ್ತೂರಿಗೆ ಮಾತ್ರ ಪ್ರತಿ ದಸರೆಗೆ ಬಂದು ಬನ್ನಿ ಕೊಟ್ಟು ಹೋಗುತ್ತಾನೆ.

ಮೊನ್ನೆ ಜತ್ತದಿಂದ ಬಂದವನು ಇದನ್ನೆಲ್ಲ ಕಸ್ತೂರಿಗೆ ಹೇಳಿದೆ. "ನೀ ಒಮ್ಮೆ ನನ್ನ ಕೂಡ ಬಾ. ನಾ ಹೇಳಿದ್ರ ನಗತಾರ. ನಿನ್ನ ಕೈ ನೋಡಿದ್ರ ಕೇಳ್ತಾರ" ಎಂದೆ.

ಅವಳ ಕೈಯಲ್ಲಿ ಕೌದಿಯಿತ್ತು. ಎಡಗೈಯ ಹೊಲಿಗೆ ಈಗ ಅಷ್ಟೇನೂ ಸೊಟ್ಟವಿಲ್ಲ. ಹಳೆಯ ಸಾಲು ಎಲ್ಲಿ ಮುಗಿದು ಹೊಸದು ಎಲ್ಲಿ ಸುರುವಾಯಿತೆಂದು ನೋಡಿದರೆ ಮಾತ್ರ ತಿಳಿಯುತ್ತದೆ.

"ನನ್ನ ಕೈ ತೋರಸಾಕ ನಾ ಬರಂಗಿಲ್ಲ" ಎಂದಳು. "ಕೊಯ್ದಾವ್ರು ನೀವು. ನೀವ ಹೇಳ್ರಿ."

ಇವತ್ತು ಬೆಳಗಿನ ಬಸ್ಸಿಗೆ ಮತ್ತೆ ಜತ್ತಕ್ಕೆ ಹೋದೆ. ಕೈಚೀಲದಲ್ಲಿ ಆ ಜೋಡಿನಂಥ ಕಟ್ಟಿಗೆ ಇತ್ತು. ಮಶೀನು ಓಡುತ್ತಿತ್ತು, ಅಣ್ಣ ಆಚೆ ಕಡೆ ನಿಂತಿದ್ದ.

"ಬಂದ್ರಪಾ ಕಂಪನಿಯವ್ರು" ಎಂದು ಬಡಿಗ ನಕ್ಕ.

"ಅವತ್ತ ಒಂದು ಕೇಳಿದ್ಯಲ್ಲ ತಮ್ಮಾ, ಅದಕ್ಕ ಉತ್ತರಾ ಹೇಳಾಕ ಬಂದೀನಿ" ಎಂದೆ. "ನನಗ ಏನೂ ಆಗಿಲ್ಲ. ನೀ ನಿಂತಲ್ಲೇ ನಾ ನಿಂತಿದ್ದೆ. ನಿಮ್ಮಣ್ಣ ನಿಂತಲ್ಲಿ ನನ್ನ ಹೇಂತಿ ನಿಂತಿದ್ದಳು. ಎಳಿ ಲಗೂನ ಅಂತ ನಾನ ಒದರಿದೆ. ಆಕಿ ಎರಡು ಬೆರಳು ಕೊಯ್ದಾಂವ ನಾನು."

ಅಣ್ಣ ಪಟ್ಟಿಯ ತುದಿ ಬಿಟ್ಟು ಒಂದು ಹೆಜ್ಜೆ ಹಿಂದಕ್ಕೆ ಸರಿದ. ಬಡಿಗ ಕೈ ನೀಡಿ ಗುಂಡಿ ಒತ್ತಿದ. ಮೋಟರಿನ ಸದ್ದು ನಿಂತಿತು. ಅಲಗು ಮಾತ್ರ ಅಷ್ಟು ಬೇಗ ನಿಲ್ಲುವುದಿಲ್ಲ. ಅದು ನಿಲ್ಲುವ ತನಕ ಮೂವರೂ ಅದನ್ನೇ ನೋಡುತ್ತ ನಿಂತೆವು.